ಕೆಂಪು ಶಾಯಿಯಲ್ಲಿ ಹೊಡೆದ ಸಾಲು

ನಂಜನಗೂಡಿನ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿದವಳು ನಾನು. ನನಗೆ ಹೆಸರು ತಂದದ್ದು ಸಂಕ್ಷೇಪ ಲೇಖನ. ಮುನ್ನೂರು ಪದಗಳ ಒಂದು ಭಾಗವನ್ನು ಕೊಟ್ಟು ನೂರು ಪದಕ್ಕೆ ಇಳಿಸಲು ಹೇಳುತ್ತಿದ್ದೆ. ಹೇಳಿದ್ದನ್ನೇ ಮತ್ತೆ ಹೇಳಬಾರದು, ಉದಾಹರಣೆಗಳನ್ನು ತೆಗೆಯಬೇಕು, ಓದುವವನಿಗೆ ಗೊತ್ತಿರುವುದನ್ನು ಅವನಿಗೇ ಬಿಡಬೇಕು. ಈ ಮೂರು ಮಾತನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಇದೇ ಅಭ್ಯಾಸದಿಂದ ಕಳೆದ ಆಗಸ್ಟಿನಲ್ಲಿ ಹೆಮ್ಮಿಗೆಯ ಒಬ್ಬ ಹೆಂಗಸಿನ ನಾಟಿ ಕೆಟ್ಟಿತು. ಆ ತಪ್ಪನ್ನು ಬೇರೊಬ್ಬ ತನ್ನ ತಲೆಗೆ ಎಳೆದುಕೊಂಡಾಗ ನಾನು ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದೆ.

ತಿ. ನರಸೀಪುರದಲ್ಲಿ ರೈತರ ಯಂತ್ರ ಸಂಘ ಅಂತ ಒಂದಿದೆ. ಭತ್ತ ನಾಟಿ ಮಾಡುವ ಯಂತ್ರ, ಕಟಾವು ಯಂತ್ರ ಇಟ್ಟುಕೊಂಡು ಸರದಿಯ ಮೇಲೆ ರೈತರಿಗೆ ಕಳಿಸುತ್ತಾರೆ. ನಾಟಿ ಸಮಯದಲ್ಲಿ ದಿನಕ್ಕೆ ಇನ್ನೂರು ಫೋನು. ಎತ್ತುವುದಕ್ಕೆ ಇದ್ದವಳು ವನಿತಾ ಒಬ್ಬಳೇ. ಆದ್ದರಿಂದ ಫೋನಿನಲ್ಲಿ ತಾನೇ ಮಾತಾಡಿ ಕೆಲಸ ಮುಗಿಸುವ ಒಂದು ಎಐ ಸಹಾಯಕಿಯನ್ನು ತಂದರು. ಊರಿನವರು ಅದಕ್ಕೆ ಫೋನವ್ವ ಅಂತ ಹೆಸರಿಟ್ಟರು. ಅದನ್ನು ಕೂರಿಸಿದವನು ಸಂಘದ ಕಂಪ್ಯೂಟರ್ ನೋಡಿಕೊಳ್ಳುವ ರವಿಕುಮಾರ್. ಚಿಕ್ಕಯ್ಯನಛತ್ರದವನು, ಈಗ ನಲವತ್ತರ ಹತ್ತಿರ, ಇಪ್ಪತ್ತು ವರ್ಷದ ಹಿಂದೆ ನನ್ನ ವಿದ್ಯಾರ್ಥಿ.

ಒಂದು ದಿನ ಅವನು ನಮ್ಮ ಮನೆಗೆ ಬಂದು ವಿಷಯ ಹೇಳಿದ. ಫೋನವ್ವನ ಕೈಗೆ ಹದಿನಾಲ್ಕು ಟೂಲ್, ಅಂದರೆ ಸಲಕರಣೆ, ಕೊಟ್ಟಿದ್ದಾರಂತೆ. ಒಂದು ಸರದಿ ಎಲ್ಲಿದೆ ಎಂದು ನೋಡುವುದು, ಒಂದು ಹೊಸ ಸರದಿ ಕೊಡುವುದು, ಹೀಗೆ. ಪ್ರತಿಯೊಂದರ ಮೇಲೂ ಅದು ಏನು, ಯಾವಾಗ ಬಳಸಬೇಕು ಎಂದು ನಾಲ್ಕು ಮಾತು ಬರೆದಿಡಬೇಕು. ರೈತ ಮಾತಾಡಿದ್ದನ್ನು ಕೇಳಿ, ಆ ನಾಲ್ಕು ಮಾತನ್ನು ಓದಿ, ಯಾವ ಟೂಲ್ ಕೈಗೆತ್ತಿಕೊಳ್ಳಬೇಕೆಂದು ಫೋನವ್ವ ತೀರ್ಮಾನಿಸುತ್ತದೆ.

"ಬರೆದಿರೋದು ಬಿಟ್ಟು ಅದಕ್ಕೆ ಬೇರೆ ಏನೂ ಕಾಣಲ್ಲ ಮೇಡಂ," ಅಂದ. "ನನ್ನ ಕನ್ನಡ ನಿಮಗೇ ಗೊತ್ತಲ್ಲ. ನೀವು ಸ್ವಲ್ಪ ತಿದ್ದಿಕೊಟ್ಟರೆ ಸಂಘದವರೂ ಖುಷಿ ಪಡ್ತಾರೆ."

ನಿವೃತ್ತಳಾಗಿ ಹನ್ನೆರಡು ವರ್ಷ. ಯಾರೂ ನನ್ನಿಂದ ಏನನ್ನೂ ತಿದ್ದಿಸಿಕೊಂಡಿರಲಿಲ್ಲ. ಅವನು ಹೋದ ಮೇಲೆ ಮೇಜಿನ ಡ್ರಾಯರಿನಲ್ಲಿ ಹುಡುಕಿ ಕೆಂಪು ಶಾಯಿಯ ಪೆನ್ನು ತೆಗೆದೆ. ಒಣಗಿತ್ತು. ಅಂಗಡಿಗೆ ಹೋಗಿ ಹೊಸದು ತಂದೆ.

ಅವನು ಬರೆದದ್ದು ಒಂಬತ್ತು ಹಾಳೆ. ಹೆಚ್ಚಿನ ಟೂಲುಗಳಿಗೆ ಅರ್ಧ ಹಾಳೆಗೂ ಮೇಲೆ. 'ಸರದಿ ಬಿಡು' ಎಂಬ ಟೂಲಿಗೆ ಹೀಗೆ ಬರೆದಿದ್ದ:

'ಇದು ಮಾಡಿದ್ರೆ ಆ ರೈತರ ಹೆಸರು ಪಟ್ಟಿ ಕೊನೆಗೆ ಹೋಗುತ್ತೆ. ವಾಪಸ್ ತರಕ್ಕಾಗಲ್ಲ. ನನ್ನ ಸರದಿ ಇನ್ನೊಬ್ಬರಿಗೆ ಕೊಡಿ ಅಂದ ತಕ್ಷಣ ಇದು ಮಾಡಬೇಡಿ. ಮುಯ್ಯಿಗೆ ಕೊಡ್ತಾ ಇದೀರಾ ಅಂತ ಕೇಳಿ. ಮನೇಲಿ ಸಾವು ಆದ್ರೆ ಹಾಲುತುಪ್ಪ ಬಿಡೋ ತನಕ ಗದ್ದೆಗೆ ಇಳಿಯಲ್ಲ. ಪಕ್ಕದ ಗದ್ದೆಯವರಿಗೆ ಸರದಿ ಕೊಡ್ತಾರೆ, ಅವರ ಸರದಿ ಇವರಿಗೆ ಬರುತ್ತೆ. ಅದು ಬಿಡೋದು ಅಲ್ಲ. ಅದಕ್ಕೆ ಸರದಿ ಬದಲು ಅನ್ನೋ ಟೂಲ್ ಇದೆ, ಅದು ಮಾಡಿ.'

ನಾನು ಅಷ್ಟನ್ನೂ ಹೊಡೆದು ಹಾಕಿ ಬರೆದೆ: 'ರೈತರು ತಮ್ಮ ಸರದಿಯನ್ನು ಬೇರೊಬ್ಬರಿಗೆ ಬಿಟ್ಟುಕೊಟ್ಟಾಗ ಬಳಸುವುದು.'

ಆರು ಪದ. ಅದನ್ನು ಎರಡು ಸಲ ಓದಿ ಸಂತೋಷಪಟ್ಟದ್ದು ನೆನಪಿದೆ. ಒಂಬತ್ತು ಹಾಳೆ ಒಂದೂವರೆಗೆ ಇಳಿಯಿತು.

ರವಿಕುಮಾರ್ ಅದನ್ನು ನಿಂತುಕೊಂಡೇ ಓದಿದ. ಓದುತ್ತ ಓದುತ್ತ ಅವನ ಮುಖ ಸಣ್ಣಗಾಯಿತು.

"ಚೆನ್ನಾಗಿದೆ ಮೇಡಂ. ಆದರೆ ಮುಯ್ಯಿ ವಿಷಯ ಹೋಯ್ತಲ್ಲ."

"ಮುಯ್ಯಿ ಅಂದರೆ ಈ ತಾಲ್ಲೂಕಿನಲ್ಲಿ ಯಾರಿಗಪ್ಪ ಗೊತ್ತಿಲ್ಲ? ನಾನು ನಿನಗೆ ಒಂದು ಆಳು ದುಡಿದರೆ ನೀನು ನನಗೆ ಒಂದು ಆಳು ದುಡೀತೀಯ. ಕೊಟ್ಟದ್ದು ತಿರುಗಿ ಬರುತ್ತೆ. ಹಾಲು ಕುಡಿಯೋ ಮಗೂಗೂ ಗೊತ್ತು."

"ಇದಕ್ಕೆ ಗೊತ್ತಿಲ್ಲ ಮೇಡಂ. ಇದು ಈ ತಾಲ್ಲೂಕಿನದಲ್ಲ."

ಸರಿಯಾದ ಮಾತು. ಆದರೆ ನನಗೆ ಕೇಳಿಸಿದ್ದು ಬೇರೆ. ಕ್ಲಾಸಿನಲ್ಲಿ ಎದ್ದು ನಿಂತು ಉತ್ತರ ಓದಲು ಹೆದರುತ್ತಿದ್ದವನು ಈಗ ನನಗೆ ಬರವಣಿಗೆ ಕಲಿಸುತ್ತಿದ್ದಾನೆ ಅನ್ನಿಸಿತು. "ಬರೆಯೋದು ಹೇಗೆ ಅಂತ ನನಗೇ ಹೇಳಿಕೊಡ್ತೀಯಾ ರವಿಕುಮಾರ?" ಅಂದೆ, ನಗುತ್ತಲೇ. ಆ ನಗುವಿನ ರುಚಿ ಅವನಿಗೆ ಹಳೆಯದು. "ಇಲ್ಲ ಮೇಡಂ," ಅಂದು ಹಾಳೆಗಳನ್ನು ಮಡಚಿ ಚೀಲಕ್ಕೆ ಇಟ್ಟುಕೊಂಡ. ಟೂಲುಗಳ ಪಟ್ಟಿಯ ಕೊನೆಯಲ್ಲಿ 'ವಿವರಣೆ ಬರೆದವರು: ಯಶೋಧರಾ, ನಿವೃತ್ತ ಉಪನ್ಯಾಸಕಿ' ಎಂದು ಹಾಕಿಸಿದ್ದು ನಾನೇ ಕೇಳಿ.

ಹೆಮ್ಮಿಗೆಯ ಚಿಕ್ಕಬಸಮ್ಮನಿಗೆ ಒಂದೂವರೆ ಎಕರೆ ಗದ್ದೆ. ಯಂತ್ರದ ನಾಟಿಗೆ ಪೈರನ್ನು ತಟ್ಟೆಗಳಲ್ಲಿ ಬೆಳೆಸಬೇಕು, ಹದಿನೈದರಿಂದ ಇಪ್ಪತ್ತು ದಿನದೊಳಗೆ ನೆಡಬೇಕು. ದಿನ ಮೀರಿದರೆ ಬೇರು ಹೆಣೆದುಕೊಂಡು ಯಂತ್ರಕ್ಕೆ ಬಿಡಿಸಲಾಗುವುದಿಲ್ಲ. ಆಕೆಯ ಸರದಿ ಸೋಮವಾರ. ಪಕ್ಕದ ಗದ್ದೆಯ ಪುಟ್ಟಬಸವಯ್ಯನದು ಶುಕ್ರವಾರ. ಭಾನುವಾರ ಬೆಳಿಗ್ಗೆ ಆಕೆಯ ಮೈದುನ ತೀರಿಹೋದರು. ಮಧ್ಯಾಹ್ನ ಮಣ್ಣು ಮಾಡಿ ಬಂದು ಆಕೆ ಫೋನವ್ವನಿಗೆ ಫೋನು ಮಾಡಿದಳು.

ಆ ಮಾತುಕತೆಯ ರೆಕಾರ್ಡಿಂಗನ್ನು ನಾನು ಆಮೇಲೆ ಸಂಘದಲ್ಲಿ ಕೇಳಿದೆ. ಆಕೆ ಹೇಳಿದ್ದು: "ನಮ್ಮನೇಲಿ ಸಾವಾಗದೆ ಕಣವ್ವ. ನನ್ನ ಸರದಿನ ಪುಟ್ಟಬಸವಯ್ಯಂಗೆ ಕೊಟ್ಬುಡು." ಫೋನವ್ವ ಮೊದಲು ದುಃಖ ಹೇಳಿತು, ಮೆತ್ತಗೆ, ಮರ್ಯಾದೆಯಿಂದ. ಒಂದು ಕ್ಷಣ ಬಿಟ್ಟು ಹೇಳಿತು: "ನಿಮ್ಮ ಸೋಮವಾರದ ಸರದಿಯನ್ನು ಪುಟ್ಟಬಸವಯ್ಯ ಅವರಿಗೆ ಕೊಟ್ಟಿದ್ದೇನೆ ಅಮ್ಮ." ಆಕೆ, "ಒಳ್ಳೇದಾಗ್ಲಿ ಕಣವ್ವ," ಅಂದು ಇಟ್ಟಳು. ಊರಲ್ಲಿ ಯಾರಿಗೆ ಹೇಳಿದ್ದರೂ ಅಷ್ಟೇ ಮಾತು ಬರುತ್ತಿತ್ತು. ಶುಕ್ರವಾರ ತನ್ನದು ಅಂತ ಆಕೆಗೆ ಗೊತ್ತು, ಪುಟ್ಟಬಸವಯ್ಯನಿಗೂ ಗೊತ್ತು.

ಫೋನವ್ವನಿಗೆ ಗೊತ್ತಿದ್ದದ್ದು ನನ್ನ ಆರು ಪದ. ಅದು 'ಸರದಿ ಬಿಡು' ಎತ್ತಿಕೊಂಡಿತು. ಪುಟ್ಟಬಸವಯ್ಯನಿಂದ ಖಾಲಿಯಾದ ಶುಕ್ರವಾರ ಸೋಮನಾಥಪುರದ ಇನ್ನೊಬ್ಬರಿಗೆ ಹೋಯಿತು. ಚಿಕ್ಕಬಸಮ್ಮನ ಹೆಸರು ಪಟ್ಟಿಯ ಕೊನೆಗೆ, ಹದಿನೆಂಟು ದಿನ ಆಚೆಗೆ.

ಬುಧವಾರ ಸಮಾಧಿಗೆ ಹಾಲುತುಪ್ಪ ಬಿಟ್ಟರು. ಶುಕ್ರವಾರ ಬೆಳಗಾಗುವಾಗಲೇ ಮನೆಯವರೆಲ್ಲ ಸೇರಿ ತಟ್ಟೆಗಳನ್ನು ಬದುವಿಗೆ ಹೊತ್ತು ಯಂತ್ರಕ್ಕಾಗಿ ನಿಂತರು. ಹತ್ತು ಗಂಟೆಗೆ ಆಕೆ ಸಂಘಕ್ಕೆ ಫೋನು ಮಾಡಿದಾಗ ವನಿತಾ ಎತ್ತಿದಳು. ಅಷ್ಟರಲ್ಲಿ ಯಂತ್ರ ಓಡಿಸುವ ಮಾದು ಸೋಮನಾಥಪುರದ ಗದ್ದೆಗೆ ಇಳಿದು ಅರ್ಧ ಮುಗಿಸಿದ್ದ. ಆಮೇಲಿನ ಪ್ರತಿ ದಿನಕ್ಕೂ ಒಬ್ಬರ ಪೈರು ತಟ್ಟೆಯಲ್ಲಿ ಕಾಯುತ್ತಿತ್ತು. ಯಾರನ್ನು ಎಬ್ಬಿಸಿ ಯಾರನ್ನು ಕೂರಿಸುವುದು?

ಸೋಮವಾರ ಸಂಘದ ಸಭೆ ಕರೆದರು. ನನ್ನನ್ನೂ ಕರೆದಿದ್ದರು; ಭಾಷೆ ತಿದ್ದಿಕೊಟ್ಟವಳು ಎಂದಷ್ಟೇ ಅವರಿಗೆ ಗೊತ್ತಿತ್ತು. ನಂಜನಗೂಡಿನಿಂದ ಬಸ್ಸಿನಲ್ಲಿ ಬರುವಾಗ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ತಿದ್ದಿದ್ದು ನಾನು, ಸಾಲು ತೆಗೆದದ್ದು ನಾನು. ಹೇಳಿ ಮುಗಿಸಿಬಿಡುವ ಮಾತು. ಸಭೆಗೆ ಮೊದಲು ವನಿತಾಳ ಕಂಪ್ಯೂಟರಿನಲ್ಲಿ ಟೂಲುಗಳ ಪಟ್ಟಿ ತೆರೆದಿತ್ತು. ಕೊನೆಯ ಸಾಲು ನೋಡಿದೆ. 'ವಿವರಣೆ ಬರೆದವರು: ರವಿಕುಮಾರ್.' ನನ್ನ ಹೆಸರು ಇರಲಿಲ್ಲ.

ಅವನು ಬಾಗಿಲ ಬಳಿ ನಿಂತು ನನ್ನನ್ನೇ ನೋಡುತ್ತಿದ್ದ. ಏನೂ ಆಗಿಲ್ಲ ಎನ್ನುವಂತೆ ತಲೆ ಅಲ್ಲಾಡಿಸಿದ. ಒಳಗೆ ಹೋಗಿ ನನ್ನ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದು ಇಟ್ಟ.

ನಿರ್ದೇಶಕ ರುದ್ರೇಶ್‌ಗೆ ಮೊದಲಿಂದಲೂ ಫೋನವ್ವನನ್ನು ಕಂಡರೆ ಆಗದು. "ಏನಪ್ಪ ಇಂಜಿನಿಯರ್ರು," ಅಂದ. "ನಿನ್ನ ಫೋನವ್ವಂಗೆ ಒಂದು ಸೂತಕ ತಿಳೀಲ್ಲ. ನೀನೂ ಹಳ್ಳಿಯೋನೆ ತಾನೆ? ಬರಿಯೋವಾಗ ಎಲ್ಲಿಗೆ ಹೋಗಿತ್ತು ಬುದ್ಧಿ?"

"ನನ್ನ ತಪ್ಪು ಸಾ," ಅಂದ ರವಿಕುಮಾರ್. "ಬರೆಯೋವಾಗ ಬಿಟ್ಟುಹೋಯ್ತು."

"ಬಿಟ್ಟುಹೋಯ್ತಂತೆ. ಊಟ ಮಾಡೋದು ಬಿಟ್ಟುಹೋಯ್ತದಾ ನಿಂಗೆ?"

ಒಬ್ಬಿಬ್ಬರು ನಕ್ಕರು. ಅಧ್ಯಕ್ಷರು ಶಿವಸ್ವಾಮಿ, ಸಮಾಧಾನದ ಮನುಷ್ಯ. ಅವರೂ ಕನ್ನಡಕ ತೆಗೆದು ಒರೆಸುತ್ತ, "ಮುಂದಿನ ಬುಧವಾರ ತೀರ್ಮಾನ ಮಾಡೋಣ. ಇವರ ಕಾಂಟ್ರಾಕ್ಟು ಮುಂದುವರಿಸೋದಾ ಬೇಡವಾ ಅಂತ," ಅಂದರು.

ನನ್ನ ಬಾಯಿ ತೆರೆಯಲಿಲ್ಲ. ಯಾರೂ ನನ್ನನ್ನು ತಡೆಯಲಿಲ್ಲ, ಯಾರೂ ಹೆದರಿಸಲಿಲ್ಲ. ಫ್ಯಾನಿನ ಗಾಳಿ ಹಿತವಾಗಿತ್ತು. ಸಭೆ ಮುಗಿದು ಎದ್ದಾಗ ಅಧ್ಯಕ್ಷರು, "ಮೇಡಂಗೆ ಸುಮ್ಮನೆ ತೊಂದರೆ ಕೊಟ್ವಿ," ಅಂದರು. ನಾನು, "ಪರವಾಗಿಲ್ಲ," ಅಂದೆ. ಅಷ್ಟೇ ನಾನು ಆ ದಿನ ಆಡಿದ ಮಾತು.

ರವಿಕುಮಾರ್ ನನ್ನನ್ನು ಬಸ್ ನಿಲ್ದಾಣದವರೆಗೆ ಬೈಕಿನಲ್ಲಿ ಬಿಟ್ಟ. ದಾರಿಯಲ್ಲಿ ಕೇಳಿದೆ: "ಯಾಕೆ ಹಾಗೆ ಮಾಡಿದೆ?"

"ನಿಮಗೆ ನೆನಪಿಲ್ಲ ಮೇಡಂ. ಫೈನಲ್ ಪರೀಕ್ಷೆ ದಿನ ನಾನು ಹಾಲ್ ಟಿಕೆಟ್ ಬಿಟ್ಟು ಬಂದಿದ್ದೆ. ನೀವು ಪ್ರಿನ್ಸಿಪಾಲ್ ರೂಮಿನ ಮುಂದೆ ನಿಂತು, ಅವನನ್ನು ಒಳಗೆ ಬಿಡೋ ತನಕ ನಾನು ಹೋಗಲ್ಲ ಅಂದ್ರಿ. ಇಪ್ಪತ್ತು ನಿಮಿಷ ನಿಂತಿದ್ರಿ."

ನಿಜಕ್ಕೂ ನೆನಪಿರಲಿಲ್ಲ. ನನಗೆ ನೆನಪಿದ್ದದ್ದು ಇನ್ನೊಂದು. ಅವನ ಉತ್ತರಪತ್ರಿಕೆಯ ಒಂದು ಪುಟವನ್ನು ನಾನು ಇಡೀ ಕ್ಲಾಸಿಗೆ ಓದಿ ಹೇಳಿದ್ದೆ, ಹೇಗೆ ಬರೆಯಬಾರದು ಎಂಬುದಕ್ಕೆ ಉದಾಹರಣೆಯಾಗಿ. ಅರವತ್ತು ಜನ ನಕ್ಕಿದ್ದರು. ಅದು ಅವನಿಗೆ ನೆನಪಿದೆಯೇ ಎಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಮಂಗಳವಾರ, ಅಂದರೆ ತೀರ್ಮಾನದ ಹಿಂದಿನ ದಿನ, ನಾನು ಹೆಮ್ಮಿಗೆಗೆ ಹೋದೆ. ಮೊದಲು ಆಕೆಯ ಮುಂದೆ ಹೇಳದೆ ಸಂಘದಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ ಎಂದು ಗೊತ್ತಾಗಿತ್ತು. ಬಸ್ಸಿನಿಂದ ಇಳಿದು ಕೇಳಿದಾಗ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಹೆಂಗಸು, ದಾರಿ ಹೇಳಿದರೆ ಸಾಲದೆಂದು ನಾಲೆಯ ಏರಿಯವರೆಗೂ ಜೊತೆಗೆ ಬಂದಳು.

ಗದ್ದೆಯಲ್ಲಿ ಎಂಟು ಜನ ಹೆಂಗಸರು ಕೈಯಿಂದ ನೆಡುತ್ತಿದ್ದರು. ಪುಟ್ಟಬಸವಯ್ಯನ ಹೆಂಡತಿ ಚಲುವಮ್ಮ ಮುಯ್ಯಾಳು ಕಟ್ಟಿಕೊಂಡು ಬಂದಿದ್ದಳು. ತಮ್ಮಿಂದ ಸರದಿ ತಿರುಗಿ ಕೊಡಲಾಗಲಿಲ್ಲ, ಅದಕ್ಕೆ ಆಳು ಕೊಟ್ಟರು. ತಟ್ಟೆಯ ಪೈರು ಹಳದಿಗೆ ತಿರುಗಿ, ಬೇರು ಚಾಪೆಯ ಹಾಗೆ ಹೆಣೆದುಕೊಂಡಿತ್ತು. ಬಿಡಿಸುವಾಗ ಅರ್ಧ ಹರಿಯುತ್ತಿತ್ತು. ಇದ್ದ ಪೈರು ಅರ್ಧ ಎಕರೆಗೂ ಸಾಲುವ ಹಾಗೆ ಕಾಣಲಿಲ್ಲ. ಉಳಿದದ್ದು ಬರೀ ಕೆಸರು, ಹದ ಮಾಡಿಟ್ಟು ಕಾದ ಕೆಸರು.

ಚಿಕ್ಕಬಸಮ್ಮ ಕೈ ತೊಳೆದು ಬದುವಿಗೆ ಹತ್ತಿದಳು. ನನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು. ಒಂದು ಗೋಣಿಚೀಲ ಹಾಸಿ, "ಬನ್ರವ್ವ, ಇಲ್ಲಿ ಕೂತ್ಕಳಿ. ಸೀರೆ ಕೆಸರಾಯ್ತದೆ," ಅಂದಳು.

ನಾನು ಕೂರಲಿಲ್ಲ. ನಿಂತೇ ಹೇಳಿದೆ. ಟೂಲು, ವಿವರಣೆ ಎಲ್ಲ ಆಕೆಗೆ ಹೇಗೆ ಹೇಳುವುದು ಎಂದು ಯೋಚಿಸಿದ್ದೆ, ಅಷ್ಟೇನೂ ಕಷ್ಟವಾಗಲಿಲ್ಲ. "ಹೊಸ ಆಳು ಬಂದರೆ ಹೇಳಿಕೊಡ್ತೀರಲ್ಲ, ಹಾಗೆ ಅದಕ್ಕೂ ಬರೆದು ಹೇಳಿಕೊಡಬೇಕಿತ್ತು. ರವಿಕುಮಾರ್ ಸರಿಯಾಗಿಯೇ ಬರೆದಿದ್ದ. ಮುಯ್ಯಿ, ಹಾಲುತುಪ್ಪ, ಎಲ್ಲ. ನಾನು ಹೊಡೆದು ಹಾಕಿದೆ."

"ಗೊತ್ತಿಲ್ದೆ ಮಾಡಿರ್ತೀರಿ ಬುಡಿ. ಪ್ಯಾಟೆಯೋರು ನೀವು."

"ಗೊತ್ತಿತ್ತು. ಆ ಸಾಲು ಬೇಕು ಅಂತ ಅವನು ಹೇಳಿದ. ಆದರೂ ತಿರುಗಿ ಸೇರಿಸಲಿಲ್ಲ."

"ಯಾಕೆ?"

"ಉದ್ದ ಆಯಿತು ಅಂತ," ಅಂದೆ.

ಆಕೆ ಕಾಲಿನ ಕೆಸರನ್ನು ಬದುವಿನ ಹುಲ್ಲಿಗೆ ಒರೆಸಿದಳು.

"ಶುಕ್ರವಾರ ಆವಪ್ಪ ರವಿಕುಮಾರ ಬಂದಿದ್ದ ಇಲ್ಲಿಗೆ," ಅಂದಳು ಚಿಕ್ಕಬಸಮ್ಮ. "ಇದೇ ಬದಿನ ಮೇಲೆ ನಿಲ್ಲಿಸ್ಕಂಡು ಬಾಯಿಗೆ ಬಂದಂಗೆ ಬಯ್ದೆ. ಹೊಟ್ಟೆ ಉರೀತಿತ್ತು. ಒಂದು ಮಾತು ತಿರುಗಿ ಆಡ್ಲಿಲ್ಲ. ಬಯ್ಸ್ಕಂಡು, ತಟ್ಟೆ ಎಲ್ಲಾನೂ ಒತ್ಕಂಡೋಗಿ ಮರದ ನೆಳ್ಳಲ್ಲಿ ಮಡಗಿ, ನೀರು ಚಿಮುಕ್ಸಿ ಹೋದ."

ಆಕೆ ಆ ಮರದ ಕಡೆ ಕೈ ತೋರಿಸಿದಳು.

"ಅಂಗಾರೆ ಆ ಬೈಗುಳ ಎಲ್ಲಾ ನಿಮ್ದು ಕಣ್ರವ್ವ. ಆವಪ್ಪಂದಲ್ಲ. ಒಸಿ ಹೇಳ್ಬುಡಿ ಅವನ್ಗೆ."

ಕೋಪವೇನೂ ಇರಲಿಲ್ಲ ಆ ಮಾತಿನಲ್ಲಿ. ಯಾರದೋ ಪಾತ್ರೆ ಯಾರದೋ ಮನೆಗೆ ಹೋಗಿದ್ದರೆ ಹೇಳುವ ಹಾಗೆ ಹೇಳಿದಳು. ಆಮೇಲೆ ಕೊಳಗದಿಂದ ಮಜ್ಜಿಗೆ ಬಗ್ಗಿಸಿ ಲೋಟವನ್ನು ಸೆರಗಿನ ತುದಿಯಿಂದ ಒರೆಸಿ ಕೊಟ್ಟಳು. "ಬಿಸ್ಲಲ್ಲಿ ಬಂದಿದೀರಿ, ಕುಡೀರಿ." ಕೆಳಗಿನಿಂದ ಚಲುವಮ್ಮ, "ಉಪ್ಪು ಆಕಿದ್ದೀಯಾ ಇಲ್ವಾ ನೋಡಕ್ಕಾ, ನಿಂಗೆ ಇವತ್ತು ಗ್ಯಾನ ಇಲ್ಲ," ಅಂದಳು. ಉಪ್ಪು ಇತ್ತು. ಕುಡಿದು ಲೋಟವನ್ನು ನಾನೇ ತೊಳೆದಿಟ್ಟೆ.

ಬುಧವಾರ ಸಭೆ ಶುರುವಾಗುವ ಮೊದಲೇ ಎದ್ದು ನಿಂತೆ. ರವಿಕುಮಾರ್, "ಮೇಡಂ, ಬೇಡ," ಅಂದ, ಮೆಲ್ಲಗೆ. ಕೇಳಿಸಿಕೊಳ್ಳಲಿಲ್ಲ. ಸಾಲು ಅವನು ಬರೆದದ್ದು, ಹೊಡೆದದ್ದು ನಾನು, ಅವನು ಹೆಸರು ಬದಲಿಸಿದ್ದು ನನ್ನ ಮಾನ ಉಳಿಸಲು, ಕಳೆದ ಸೋಮವಾರ ಅದನ್ನು ನೋಡಿಯೂ ನಾನು ಬಾಯಿ ಮುಚ್ಚಿಕೊಂಡಿದ್ದು. ಇಷ್ಟನ್ನು ಹೇಳಿದೆ. ಈ ಸಲ ಏನನ್ನೂ ಸಂಕ್ಷೇಪ ಮಾಡಲಿಲ್ಲ.

ಬೈಸಿಕೊಳ್ಳಲು ನಾನು ಸಿದ್ಧಳಾಗಿ ಬಂದಿದ್ದೆ.

"ಅಯ್ಯೋ, ಕೂತ್ಕೊಳ್ಳಿ ಮೇಡಂ," ಅಂದರು ಶಿವಸ್ವಾಮಿ. "ವಯಸ್ಸಾದೋರು, ಮನಸ್ಸಿಗೆ ಹಚ್ಕೋಬೇಡಿ. ಯಾರಿಂದ ತಪ್ಪಾಗಲ್ಲ?"

ರುದ್ರೇಶ್ ಬಾಗಿಲ ಕಡೆ ತಿರುಗಿ, "ವನಿತಾ, ಮೇಡಂಗೆ ಒಂದು ಕಾಫಿ ತರಿಸಮ್ಮ," ಅಂದ. ಆಮೇಲೆ ರವಿಕುಮಾರನ ಕಡೆಗೆ, "ಅಲ್ಲ ಕಣಪ್ಪ, ಅಂಗಾರೆ ನೀನು ಸಭೇಲಿ ಸುಳ್ಳು ಹೇಳಿದ್ಯಾ?" ಅಂದ.

ಒಂದೇ ತಪ್ಪು. ಅದು ಅವನದು ಅನ್ನಿಸಿದಾಗ ಅವನ ಕೆಲಸ ಹೋಗುವುದರಲ್ಲಿತ್ತು. ನನ್ನದು ಅಂದಾಗ ಕಾಫಿ ಬಂತು. ಇದಕ್ಕಿಂತ ಅವರು ನನ್ನನ್ನು ಬೈದಿದ್ದರೆ ಸುಖವಾಗಿರುತ್ತಿತ್ತು.

"ರುದ್ರೇಶ್," ಅಂದೆ, "ಅವನು ಹೇಳಿದ್ದು ಒಂದು ಸುಳ್ಳು, ನನಗೋಸ್ಕರ. ಅದನ್ನು ಅವನಿಂದ ಹೇಳಿಸಿದ್ದು ನನ್ನ ಮೌನ. ಅವನನ್ನು ತೆಗೆಯೋದಾದರೆ ಮೊದಲು ನನಗೆ ಬೈದು ಆಮೇಲೆ ತೆಗೀರಿ. ಹೋದ ಸಲ ಅವನಿಗೆ ಏನೇನು ಅಂದ್ರಿ, ಅಷ್ಟನ್ನೂ ನನಗೆ ಅನ್ನಿ. ಊಟ ಮಾಡೋದು ಬಿಟ್ಟುಹೋಗುತ್ತಾ ಅಂದ್ರಲ್ಲ, ಅದನ್ನೂ."

ರುದ್ರೇಶ್ ಮೇಜು ನೋಡಿದ. "ನಿಮಗೆಂಗೆ ಅನ್ನೋಕಾಯ್ತದೆ ಮೇಡಂ," ಅಂದ, ಸಣ್ಣ ದನಿಯಲ್ಲಿ.

"ಅವನಿಗೆ ಆಯ್ತಲ್ಲ."

ಶಿವಸ್ವಾಮಿಯವರು ಬಹಳ ಹೊತ್ತು ಕನ್ನಡಕ ಒರೆಸಿದರು. ಕೊನೆಗೆ ರವಿಕುಮಾರನಿಗೆ ಕೂರಲು ಹೇಳಿದರು. ಅಲ್ಲಿಯವರೆಗೆ ಅವನು ನಿಂತೇ ಇದ್ದದ್ದು, ಹಿಂದಿನ ಸಭೆಯಲ್ಲೂ ನಿಂತೇ ಇದ್ದದ್ದು, ನನಗೆ ಆಗ ಹೊಳೆಯಿತು. ಕಾಂಟ್ರಾಕ್ಟು ಮುಂದುವರಿಯಲಿ ಎಂದು ಬರೆಸಿದರು. ಚಿಕ್ಕಬಸಮ್ಮ ಮತ್ತೆ ಪೈರು ಹಾಕಿದರೆ ಅದು ಹದಕ್ಕೆ ಬಂದ ದಿನವೇ ಯಂತ್ರ ಕಳಿಸುವುದೆಂದೂ ಬರೆಸಿದರು. ವನಿತಾ ಕಾಫಿ ತಂದಳು. ಎರಡು ಲೋಟ ತಂದಿದ್ದಳು. ಹೇಳದೆಯೇ ಒಂದನ್ನು ರವಿಕುಮಾರನ ಮುಂದೆ ಇಟ್ಟು ಹೋದಳು.

ಆ ಮಧ್ಯಾಹ್ನವೇ ಕುಳಿತೆವು, ನಾನು ಟೈಪು ಮಾಡಲು, ಅವನು ಹೇಳಲು. ಅವನು ಚೀಲದಿಂದ ಒಂದು ಫೈಲು ತೆಗೆದ. ಅವನ ಒಂಬತ್ತು ಹಾಳೆಗಳು, ನನ್ನ ಕೆಂಪು ಗೆರೆಗಳ ಸಮೇತ, ಹಾಗೇ ಇದ್ದವು.

"ಬಿಸಾಡಿರಲಿಲ್ಲವಾ?"

"ಮೇಷ್ಟ್ರು ತಿದ್ದಿದ್ದನ್ನ ಹೆಂಗೆ ಬಿಸಾಡೋದು ಮೇಡಂ."

ಅವನು ಬರೆದಂತೆಯೇ ಟೈಪು ಮಾಡಿದೆ. 'ವಾಪಸ್ ತರಕ್ಕಾಗಲ್ಲ' ಅಂದದ್ದನ್ನು ಹಾಗೇ ಇಟ್ಟೆ. ನಡುವೆ ಒಂದು ಕಡೆ ಅವನೇ, "ಇಲ್ಲಿ 'ಸಾಧ್ಯವಿಲ್ಲ' ಅಂತ ಮಾಡೋಣವಾ?" ಅಂದ. ಬೇಡ ಅಂದೆ. ಪಟ್ಟಿಯ ಕೊನೆಯಲ್ಲಿ 'ವಿವರಣೆ ಬರೆದವರು: ರವಿಕುಮಾರ್' ಎಂದಿದ್ದನ್ನು ಮುಟ್ಟಲಿಲ್ಲ. ಅದರ ಕೆಳಗೆ, ಆಗಸ್ಟಿನ ವಿವರಣೆ ತಿದ್ದಿ ಕೆಡಿಸಿದ್ದು ಯಶೋಧರಾ ಎಂದು ಸೇರಿಸಿದೆ. ಅವನು ಬೇಡ ಅಂದ. ಅಳಿಸಲಿಲ್ಲ. ಚಿಕ್ಕಬಸಮ್ಮನ ಮಾತನ್ನೂ ಹೇಳಿದೆ, ಆ ಬೈಗುಳ ಎಲ್ಲ ನನ್ನದಂತೆ ಎಂದು. ಅವನು ನಕ್ಕುಬಿಟ್ಟ. "ಭಾರೀ ಇತ್ತು ಮೇಡಂ, ನಿಮಗೆ ಹೊರಕ್ಕಾಗಲ್ಲ," ಅಂದ.

ಐದು ಗಂಟೆಯ ಹೊತ್ತಿಗೆ ಹದಿಮೂರು ಟೂಲು ಮುಗಿದವು. ಹದಿನಾಲ್ಕನೆಯದು ಎಲ್ಲಕ್ಕಿಂತ ಸುಲಭದ್ದು, ರೈತರ ಹೆಸರು, ಊರು ಕೇಳಿ ಬರೆದುಕೊಳ್ಳುವುದು. ಅದಕ್ಕೂ ಅವನು ನಾಲ್ಕು ಸಾಲು ಬರೆದಿದ್ದ. ನಾನು ಮೂರನ್ನು ಹೊಡೆದಿದ್ದೆ. ಕೊನೆಯ ಸಾಲಿನ ಮೇಲೆ ನನ್ನ ಗೆರೆ ಎಷ್ಟು ಒತ್ತಿ ಬಿದ್ದಿತ್ತೆಂದರೆ ಓದಲು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಬೇಕಾಯಿತು.

'ವಯಸ್ಸಾದ ಹೆಂಗಸರು ಫೋನ್ ಮಾಡಿದ್ರೆ ನಿಧಾನಕ್ಕೆ ಎರಡು ಸಲ ಕೇಳಿ. ಅವರಿಗೆ ಹೇಳಕ್ಕೆ ನಾಚಿಕೆ ಇರುತ್ತೆ. ಸುಮ್ಮನಾದ್ರು ಅಂತ ಫೋನ್ ಇಡಬೇಡಿ, ಕಾಯಿರಿ.'

"ಇದೂ ಹಾಕೋದಾ ಮೇಡಂ?" ಅಂತ ಕೇಳಿದ.

ನನಗೆ ಕೂಡಲೇ ಮಾತು ಬರಲಿಲ್ಲ. ಅವನು ಇನ್ನೊಂದು ಸಲ ಕೇಳಿದ, ನಿಧಾನವಾಗಿ. ಆಮೇಲೆ ಕೀಲಿಮಣೆಯನ್ನು ನನ್ನ ಕಡೆಗೆ ಸ್ವಲ್ಪ ಸರಿಸಿ, ಕಾಯುತ್ತ ಕುಳಿತ.